ನೆಟ್ಟಗೆ ಎಳೆದ ಗೆರೆಗಳು

ನಮ್ಮ ಊರಿನಲ್ಲಿ ಹೆಣ್ಣು ನೋಡುವುದೆಂದರೆ ಗೋಡೆ ನೋಡುವುದು. ಗಂಡಿನ ತಾಯಿ ಬಂದವಳು ಕಾಲು ತೊಳೆದು, ಕೊಟ್ಟ ನೀರು ಕುಡಿದು, ನೇರವಾಗಿ ನಡುಮನೆಯ ಮೂಡಣ ಗೋಡೆಯ ಮುಂದೆ ಹೋಗಿ ನಿಲ್ಲುತ್ತಾಳೆ. ಅಲ್ಲಿ ಹುಡುಗಿಯ ಎಲುಬುಗಳನ್ನು ಕೆಮ್ಮಣ್ಣಿನ ಗೆರೆಗಳಲ್ಲಿ ಬರೆದಿರುತ್ತಾರೆ. ತೊಡೆಯಿಂದ ಪಾದದವರೆಗೆ ಅವಳು ಆ ಗೆರೆಯ ಮೇಲೆ ಬೆರಳು ಎಳೆಯುತ್ತಾಳೆ. ಬೆರಳು ನೇರ ಇಳಿದರೆ ಚಾಪೆ ಹಾಸುತ್ತಾರೆ, ಅವಲಕ್ಕಿ ಬರುತ್ತದೆ, ಹುಡುಗಿಯೂ ಬರುತ್ತಾಳೆ. ಬೆರಳು ಪಕ್ಕಕ್ಕೆ ಸರಿದರೆ "ದನ ಬಿಡೂ ಹೊತ್ತಾತವ್ವಾ, ಬರ್ತೀವಿ" ಎಂದು ಎದ್ದು ಹೋಗುತ್ತಾರೆ. ದನ ಇಲ್ಲದವರೂ ಹಾಗೆಯೇ ಹೇಳುತ್ತಾರೆ.

ಆ ಗೆರೆಗಳನ್ನು ಬರೆಯುವ ಮನೆತನ ನಮ್ಮದು. ನನ್ನ ಹೆಸರು ಮುರಿಗೆಪ್ಪ. ವಯಸ್ಸು ಎಪ್ಪತ್ತೆರಡು. ಊರಿನವರು ನಮ್ಮನ್ನು ಗೆರೆಗಾರರು ಎಂದು ಕರೆಯುತ್ತಾರೆ. ಪ್ರತಿ ವರ್ಷ ಮಗು ಹುಟ್ಟಿದ ದಿನದಂದು, ಸಂಜೆ ಹೊತ್ತು ಮುಳುಗುವ ಮೊದಲು, ಒಂದು ಎಲೆಅಡಿಕೆ ಜಗಿದು ಮುಗಿಸುವಷ್ಟು ಕಾಲ ಅದರ ನೆರಳಿನಲ್ಲಿ ಎಲುಬು ಕಾಣುತ್ತದೆ. ಬೆಳವಣಿಗೆ ನಿಂತ ಮೇಲೆ ಕಾಣುವುದಿಲ್ಲ. ಮೂರು, ಏಳು, ಹನ್ನೆರಡು, ಹದಿನಾರು ತುಂಬಿದ ದಿನಗಳಲ್ಲಿ ನಮ್ಮನ್ನು ಕರೆಸಿ ಗೆರೆ ಬರೆಸುತ್ತಾರೆ. ಉಳಿದ ವರ್ಷ ಮನೆಯವರೇ ಬಾಗಿಲು ಹಾಕಿಕೊಂಡು ನೋಡಿ, ದೃಷ್ಟಿ ತೆಗೆದು, ಪಾಯಸ ಉಣ್ಣುತ್ತಾರೆ. ಪರಸ್ಥಳದವರ ನೆರಳಿನಲ್ಲಿ ಯಾವ ದಿನವೂ ಏನೂ ಕಾಣುವುದಿಲ್ಲ. ಅದಕ್ಕೇ ಅವರನ್ನು ಕಂಡರೆ ನಮಗೆ ಸ್ವಲ್ಪ ಕನಿಕರ.

ನೆರಳು ನಿಲ್ಲುವ ಹೊತ್ತು ಬಹಳ ಕಡಿಮೆ. ಆದ್ದರಿಂದ ಬೆಳಿಗ್ಗೆಯೇ ಗೋಡೆಯಲ್ಲಿ ಖಾಲಿ ಇರುವ ಜಾಗಕ್ಕೆ ಹೊಸ ಮಣ್ಣಿನ ಗಿಲಾವು ಮಾಡಿಸಿ, ಸಂಜೆ ಅದು ಅರ್ಧ ಆರಿರುವಾಗ ದಬ್ಬಣದಿಂದ ನೆರಳಿನ ಅಂಚನ್ನು ಗೀರಿಕೊಳ್ಳುತ್ತೇವೆ. ನೆರಳು ಹೋದ ಮೇಲೆ ದೀಪ ಹಚ್ಚಿಟ್ಟು, ಆ ಗೀರಿನ ಮೇಲೆ ಬೇಲದ ಅಂಟು ಕೂಡಿಸಿದ ಕೆಮ್ಮಣ್ಣು ಎಳೆಯುತ್ತೇವೆ. ಕೆಲಸ ಕಲಿಯುವ ದಿನ ದೇವರ ಮುಂದೆ ಒಂದು ಆಣೆ ಮಾಡಿಸುತ್ತಾರೆ: ಹೊಸ್ತಿಲೊಳಗೆ ಕಂಡದ್ದು ಹೊಸ್ತಿಲೊಳಗೇ ಉಳಿಯಬೇಕು. ಆ ಆಣೆಯನ್ನು ನಾನು ಐವತ್ತು ವರ್ಷ ಮುರಿದಿಲ್ಲ. ಮುರಿಯದೆ ಮಾಡಿದ ತಪ್ಪನ್ನೇ ಇಲ್ಲಿ ಹೇಳುತ್ತಿದ್ದೇನೆ.

ನಮ್ಮ ಊರಿನ ಕೆಲವು ಮನೆಗಳಲ್ಲಿ ಮಕ್ಕಳ ಕಾಲಿನ ಎಲುಬು ಬಿಲ್ಲಿನಂತೆ ಬಾಗುತ್ತದೆ. ಗಂಡುಹುಡುಗನಾದರೆ ಬಾಗಿದ್ದನ್ನು ಬಾಗಿದಂತೆಯೇ ಬರೆಯುತ್ತಿದ್ದೆವು. ಅವನ ಗೋಡೆ ನೋಡಲು ಬರುವವರು ಯಾರು? ಹುಡುಗಿಯಾದರೆ ಅವಳ ತಾಯಿ ನನ್ನ ಮುಂದೆ ಸೆರಗು ಹಿಡಿದು ನಿಲ್ಲುತ್ತಿದ್ದಳು. ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ. ನಾನು ದಬ್ಬಣದ ಗೀರಿಗೆ ನುಣ್ಣನೆಯ ಜೇಡಿಮಣ್ಣು ತುಂಬಿ ಸವರಿ, ಅದರ ಪಕ್ಕದಲ್ಲಿ ನೆಟ್ಟಗೆ ಒಂದು ಕೆಂಪು ಗೆರೆ ಎಳೆದು ಬರುತ್ತಿದ್ದೆ. ನನ್ನ ಅಪ್ಪನೂ ಹಾಗೆಯೇ ಮಾಡಿದ, ಅಜ್ಜನೂ ಹಾಗೆಯೇ. ಇದು ಮೋಸವೆಂದು ನಮಗೆ ತೋರಲಿಲ್ಲ. ಹೆಣ್ಣುಮಗುವಿಗೆ ನಾವು ಕೊಡುವ ಆಶೀರ್ವಾದವೆಂದು ತೋರಿತು.

ನನ್ನ ಹೆಂಡತಿ ನೀಲವ್ವನ ಹದಿನಾರನೆಯ ವರ್ಷದ ಗೆರೆ ಬರೆದವನು ನಾನೇ. ಆಗ ನನಗೆ ಇಪ್ಪತ್ತನಾಲ್ಕು. ಬಾಗಿದ ನೆರಳು ಕಂಡೆ, ನೆಟ್ಟಗೆ ಬರೆದೆ, ಆರು ತಿಂಗಳ ಮೇಲೆ ಅವಳನ್ನೇ ಕೇಳಲು ನನ್ನ ತಾಯಿಯನ್ನು ಕಳಿಸಿದೆ. ನನ್ನ ತಾಯಿ ಆ ಗೋಡೆಯ ಮೇಲೆ ಬೆರಳೆಳೆದು, "ಎಂಥಾ ನೆಟ್ಟನ ಕಾಲವ್ವಾ!" ಎಂದು ಊರಿಗೆಲ್ಲ ಹೇಳಿಕೊಂಡು ಬಂದಳು. ನಲವತ್ತಾರು ವರ್ಷ ಸಂಸಾರ ಮಾಡಿದೆವು. ನಡುಪ್ರಾಯಕ್ಕೇ ಅವಳ ಹಲ್ಲು ಉದುರಿದವು. ಮೆಟ್ಟಿಲು ಹತ್ತುವಾಗ ಸೊಂಟ ಹಿಡಿದು ಕೂರುತ್ತಿದ್ದಳು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನಾನೇ ಕೊಡುತ್ತಿದ್ದೆ. ಒಂದು ದಿನ ಮೊಣಕಾಲಿಗೆ ಬಿಸಿ ಉಪ್ಪಿನ ಗಂಟು ಒತ್ತಿಸಿಕೊಳ್ಳುತ್ತ, ನಗುತ್ತಲೇ ಅಂದಳು: "ನೀ ಗ್ವಾಡಿ ಮ್ಯಾಲೆ ನನ್ನ ಕಾಲು ನೆಟ್ಟಗ ಬರದೀ, ಅದು ನಿನ್ನ ದೊಡ್ಡ ಗುಣ. ಆದ್ರ ನೋವು ಬಂದಾಗ ಆ ಕಾಲು ಒಂದಿನಾನೂ ನನ್ನ ಕೂಡ ಪಾಲು ತಗೋಳಿಲ್ಲ ನೋಡು." ಎರಡು ವರ್ಷದ ಹಿಂದೆ, ಶ್ರಾವಣದಲ್ಲಿ, ಮೂರು ದಿನದ ಜ್ವರಕ್ಕೆ ಅವಳು ಶಿವನ ಪಾದ ಸೇರಿದಳು. ಇಂದಿಗೂ ಹಾಲು ಕಾಯಿಸುವಾಗ ಕೈ ಇಬ್ಬರಿಗೆ ಅಳೆಯುತ್ತದೆ.

ಡಾಕ್ಟರ್ ಫ್ಲೇವಿಯಾ ನಮ್ಮ ಊರಿಗೆ ಬಂದದ್ದು ನೀಲವ್ವ ಹೋದ ಎರಡು ತಿಂಗಳಿಗೆ. ಕಡಲ ಕಡೆಯ ಹೆಣ್ಣುಮಗಳು. ಮೂವತ್ತೆರಡರ ಒಳಗೇ ಇರಬೇಕು. ಹೆಗಲಲ್ಲಿ ತೆಳ್ಳನೆಯ ಕಾಗದದ ಸುರುಳಿಗಳು, ಕೈಯಲ್ಲಿ ಮಡಚುವ ಅಳತೆಪಟ್ಟಿ. ಮಕ್ಕಳಿಗೆ ಹುಟ್ಟಿನಿಂದ ಬರುವ, ಮನೆತನದಲ್ಲಿ ಇಳಿದು ಬರುವ ಎಲುಬಿನ ಕಾಯಿಲೆಗಳ ಮೇಲೆ ಅವರ ಸಂಶೋಧನೆ. ಐದು ತಲೆಮಾರಿನ ಮಕ್ಕಳ ಎಲುಬು ಗೋಡೆಯ ಮೇಲೆ ಇರುವ ಊರೊಂದಿದೆ ಎಂದು ಯಾರಿಂದಲೋ ಕೇಳಿ ಹುಡುಕಿಕೊಂಡು ಬಂದಿದ್ದರು. ನಮ್ಮ ಎದುರು ಮನೆಯ ಪಾರವ್ವ, ಊರಿನಲ್ಲಿ ಅವಳ ಬಾಯಿಗೆ ಎದುರಿಲ್ಲ, ಮೊದಲ ದಿನವೇ ಅವರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡಳು.

"ಡಾಕ್ಟರ್ ಆಗೀರಿ ಅಂತೀರಿ, ಮತ್ತ ಓದಾಕತ್ತೀನಿ ಅಂತೀರಿ. ಏನವ್ವಾ ಅದು, ಮುಗಿಯೂದ ಇಲ್ಲೇನು?"

"ಓದು ಮುಗಿದಿದೆ ಅಮ್ಮ. ಇದು ಅದರ ನಂತರದ ಸಂಶೋಧನೆ. ಪೋಸ್ಟ್‌ಡಾಕ್ ಅಂತ ಹೇಳುವುದು. ಎರಡು ವರ್ಷಕ್ಕೆ ಕೊಟ್ಟಿದ್ದಾರೆ. ಖಾಯಂ ಕೆಲಸ ಅಲ್ಲ."

"ಅಂದ್ರ ನಿಶ್ಚಯ ಆಗೇತಿ, ಲಗ್ನ ಆಗಿಲ್ಲ ಅನ್ರಿ."

ಡಾಕ್ಟರು ಬಿದ್ದು ಬಿದ್ದು ನಕ್ಕರು. "ಹಾಗೇ ಅಂತ ಇಟ್ಟುಕೊಳ್ಳಿ ಮಾರಾಯ್ರೆ."

ಅಂದಿನಿಂದ ಅವರು ಊರಿಗೆ ಅಕ್ಕಾರು ಆದರು. ಯಾವ ಗೆರೆ ಯಾರದೆಂದು ಹೇಳಲು ನಾನೇ ಬೇಕಾಯಿತು. ಎಂಟು ತಿಂಗಳು ಅವರ ಜೊತೆ ಮನೆಯಿಂದ ಮನೆಗೆ ನಡೆದೆ. ಅವರು ಕಾಗದವನ್ನು ಗೋಡೆಗೆ ಹಿಡಿದು ನನ್ನ ಕೆಂಪು ಗೆರೆಗಳನ್ನು ನಕಲು ಮಾಡಿಕೊಳ್ಳುತ್ತಿದ್ದರು. ನಾನು ಹೆಸರು ಹೇಳುತ್ತಿದ್ದೆ. ಬಾಗಿದ ಕಾಲಿನ ಗಂಡುಹುಡುಗರನ್ನು ಜನ ತಾವಾಗಿಯೇ ಕರೆತಂದು ತೋರಿಸಿದರು, ಹನ್ನೊಂದು ಮಂದಿ. ಹುಡುಗಿಯರನ್ನು ಯಾರೂ ತೋರಿಸಲಿಲ್ಲ. ಅವರಿಗೆ ಪಾದ ಮುಚ್ಚುವ ಲಂಗ ಹಾಕಿ ಒಳಗೆ ಕೂರಿಸಿದರು. ಅಕ್ಕಾರು ಕೇಳಿದರೆ, "ಗ್ವಾಡಿ ಐತಲ್ರಿ, ನೋಡ್ರಿ" ಎಂದರು.

ಹುಡುಗರ ರಕ್ತ, ಮೂತ್ರ ಪರೀಕ್ಷೆಗೆ ಹೋಗಿ ಬಂದ ಮೇಲೆ ಅವರು ನನಗೆ ಬಿಡಿಸಿ ಹೇಳಿದ್ದರು. "ಎಲುಬು ಗಟ್ಟಿಯಾಗಲಿಕ್ಕೆ ರಂಜಕ ಬೇಕು ಅಜ್ಜ. ಈ ಮಕ್ಕಳ ಮೈಯಲ್ಲಿ ಅದು ನಿಲ್ಲುವುದಿಲ್ಲ, ಮೂತ್ರದಲ್ಲಿ ಹೋಗಿಬಿಡ್ತದೆ. ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ಇದು ಊಟದ ತಪ್ಪಲ್ಲ, ಯಾರ ಪಾಪದ್ದೂ ಅಲ್ಲ." ನಮ್ಮಲ್ಲಿ ಬಾಗಿದ ಎಲುಬನ್ನು ಹಿರಿಯರ ಪಾಪ ಎನ್ನುತ್ತಾರೆ. ಆ ದಿನ ಪೂಜೆಗೆ ಕುಳಿತಾಗ ಅದೊಂದೇ ಮಾತನ್ನು ನೀಲವ್ವನ ಹೆಸರು ಹಿಡಿದು ಹೇಳಿದೆ. ಯಾರ ಪಾಪದ್ದೂ ಅಲ್ಲವಂತೆ, ಕೇಳಿದೆಯಾ.

ನನಗೆ ಒಬ್ಬಳೇ ಮಗಳು, ದಾನವ್ವ. ಅಳಿಯ ಸೋಮಲಿಂಗ ನಮ್ಮ ಮನೆಯಲ್ಲೇ ಇದ್ದಾನೆ. ಅವರ ಮಗಳು ಮುಕ್ತಾ. ತಾಯಿಯ ಕಾಲು ದಾನವ್ವನಿಗೆ ಬಂದಿತ್ತು, ದಾನವ್ವನದು ಮುಕ್ತಾಳಿಗೆ. ಆ ವರ್ಷದ ಮಾಘದಲ್ಲಿ ಮುಕ್ತಾಳಿಗೆ ಮೂರು ತುಂಬಿತು. ನಾನು ದಬ್ಬಣ ಹಿಡಿದು ನಮ್ಮದೇ ಗೋಡೆಯ ಮುಂದೆ ನಿಂತಾಗ ದಾನವ್ವ ಮೆಲ್ಲಗೆ ಹೇಳಿದಳು: "ಅಪ್ಪಾ, ನಂಗ ಬರದಂಗ ಇಕಿಗೂ ಬರಿ." ಬರೆದೆ. ಕೂಸು ಬಾತುಕೋಳಿಯಂತೆ ತೊನೆಯುತ್ತ ಬಂದು ಗೋಡೆ ಮುಟ್ಟಿ, "ಇದು ನಾನಾ?" ಎಂದಿತು. ಹೌದವ್ವಾ ಎಂದೆ.

ವೈಶಾಖದಲ್ಲಿ ಒಂದು ದಿನ ಅಕ್ಕಾರು ದೊಡ್ಡದೊಂದು ವರದಿ ಹಿಡಿದು ನಮ್ಮ ಕಟ್ಟೆಗೆ ಬಂದರು. ಮುಖದಲ್ಲಿ ಬೆಳಕಿತ್ತು. "ಅಜ್ಜ, ಇದು ಗಂಡುಮಕ್ಕಳಿಗೆ ಮಾತ್ರ ಬರುವ ಕಾಯಿಲೆ. ತಾಯಂದಿರು ಹೊತ್ತು ತರುತ್ತಾರೆ, ಅವರಿಗೆ ಏನೂ ಆಗುವುದಿಲ್ಲ. ಹೆಣ್ಣುಮಕ್ಕಳ ನೂರ ನಲವತ್ತು ಗೆರೆ ನೋಡಿದೆ, ಒಂದಾದರೂ ಬಾಗಿಲ್ಲ. ಒಂದೇ ಬೇಜಾರು ಎಂತ ಅಂದ್ರೆ, ಹುಡುಗರ ರಕ್ತದಲ್ಲಿ ಆ ಕಾಯಿಲೆಯ ಜೀನ್ ಹುಡುಕಿಸಿದೆ, ಎರಡು ಸಲವೂ ಸಿಗಲಿಲ್ಲ. ಇರಲಿ. ಮದ್ದಂತೂ ಬರ್ತದೆ. ಹನ್ನೊಂದು ಹೆಸರಿನ ಪಟ್ಟಿ ಈ ಗುರುವಾರ ಕಳಿಸ್ತೇನೆ. ಸಣ್ಣವರಿರುವಾಗ ಕೊಟ್ಟರೆ ಎಲುಬು ನೆಟ್ಟಗಾಗ್ತಾ ಬರ್ತದೆ. ದೊಡ್ಡವರಾದ ಮೇಲೆ ಅಷ್ಟು ಆಗುವುದಿಲ್ಲ."

"ಹೆಣ್ಣುಮಕ್ಕಳಿಗೆ ಮದ್ದು ಬ್ಯಾಡೇನ್ರಿ?" ಎಂದೆ.

"ಬೇಡ ಅಜ್ಜ. ದೇವರು ದೊಡ್ಡವನು, ಅವರಿಗೆ ಬರುವುದೇ ಇಲ್ಲ."

ಆಮೇಲೆ ವರದಿಯ ಮೊದಲ ಪುಟ ತೆಗೆದು, "ಇದನ್ನು ನಿಮಗೆ ಓದಿ ಹೇಳಬೇಕು" ಎಂದು ಅಲ್ಲಿದ್ದುದನ್ನು ಕನ್ನಡದಲ್ಲಿ ಹೇಳಿದರು. ಐದು ತಲೆಮಾರಿನ ಮಕ್ಕಳ ಎಲುಬುಗಳನ್ನು ಇದ್ದದ್ದು ಇದ್ದ ಹಾಗೆ ಬರೆದಿಟ್ಟ ಮುರಿಗೆಪ್ಪನವರ ಮನೆತನದ ಕೈಗಳಿಗೆ ನಾನು ಋಣಿ, ಎಂದು ಅದರಲ್ಲಿ ಬರೆದಿತ್ತು. ಓದಿ ನನಗೆ ಕೈ ಮುಗಿದರು. ಒಳಗೆ ಮುಕ್ತಾ ಹೊಸ್ತಿಲು ದಾಟಲು ಬಾಗಿಲಚೌಕಟ್ಟು ಹಿಡಿದುಕೊಂಡು ಒಂದೊಂದೇ ಕಾಲು ಎತ್ತಿಡುತ್ತಿದ್ದಳು. ಅಕ್ಕಾರ ಬೆನ್ನು ಅತ್ತ ಇತ್ತು. ನನಗೆ ಮಾತ್ರ ಕಾಣುತ್ತಿತ್ತು.

ಎರಡು ದಿನ ನನಗೆ ಅನ್ನ ಸೇರಲಿಲ್ಲ. ಬುಧವಾರ ಬೆಳಿಗ್ಗೆ ಪೂಜೆಗೆ ಕುಳಿತವನು ಬಹಳ ಹೊತ್ತು ಏಳಲಿಲ್ಲ. ಶಿವನ ಮುಂದೆ ನಾನು ಮಾಡಿದ ಆಣೆ ಬೇರೆಯವರ ಹೊಸ್ತಿಲಿಗೆ ಸೇರಿದ್ದು. ನನ್ನ ಹೊಸ್ತಿಲು ನನ್ನದು. ಹಾಗೆಂದು ಸಮಾಧಾನ ತಂದುಕೊಂಡರೂ, ಒಂದು ಗೋಡೆಯ ಗುಟ್ಟು ಬಿಟ್ಟರೆ ಎಲ್ಲ ಗೋಡೆಯ ಗುಟ್ಟೂ ಬಿಟ್ಟಂತೆ ಎಂದು ನನಗೆ ಗೊತ್ತಿತ್ತು. ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಮದುವೆಗೆ ನಿಂತವರು, ಸತ್ತವರು ಎಲ್ಲರ ಮಾನ ನನ್ನ ನಾಲಿಗೆಯ ತುದಿಯಲ್ಲಿತ್ತು. ಇನ್ನೊಂದು ಕಡೆ ಮೂರು ವರ್ಷದ ಕೂಸಿನ ಎರಡು ಕಾಲು. ಅದರ ಹೆಸರು ಪಟ್ಟಿಯಲ್ಲಿ ಇಲ್ಲದಿರುವುದಕ್ಕೆ ಕಾರಣ ನನ್ನ ಕೈ. ಎದ್ದು ದಾನವ್ವನಿಗೆ ಹೇಳಿದೆ.

"ಹುಚ್ಚ ಹಿಡದೈತೇನಪ್ಪಾ ನಿನಗ?" ಅವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. "ಅವ್ವ ಹೋಗಿ ಇನ್ನಾ ವರ್ಷ ಆಗಿಲ್ಲ. ಅಕಿ ಮಾನಾ, ನನ್ನ ಮಾನಾ ಬೀದಿಗೆ ಚೆಲ್ತೀಯಾ? ನಾಳೆ ಇಕಿನ್ನ ಯಾರು ಮಾಡ್ಕೋತಾರ? ಇವರಿಗೆ ಗೊತ್ತಾದ್ರ..." ಎಂದು ಗಂಡನ ಕಡೆ ನೋಡಿ ನಿಲ್ಲಿಸಿದಳು.

ಸೋಮಲಿಂಗ ಹೆಚ್ಚು ಮಾತಿನವನಲ್ಲ. ತಂಬಿಗೆ ಕೆಳಗಿಟ್ಟು ಹೇಳಿದ: "ಹತ್ತು ವರ್ಷ ದಿನಾ ನಿನ್ನ ಮೊಣಕಾಲಿಗೆ ಎಣ್ಣಿ ತಿಕ್ಕೇನಿ. ಅವು ಹೆಂಗ ಅದಾವ ಅಂತ ನನಗ ಗ್ವಾಡಿ ಹೇಳಬೇಕಾ? ಮಾವಾರ, ಕರೀರಿ ಅಕ್ಕಾರನ್ನ."

ದಾನವ್ವ ಅಲ್ಲೇ ಕುಸಿದು ಕುಳಿತು, ಹಿಟ್ಟಿನ ಕೈ ಮುಖಕ್ಕೆ ಹಚ್ಚಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಬಟ್ಟೆಯೊಂದನ್ನು ನೀರಿನಲ್ಲಿ ಅದ್ದಿ ತಂದು ನನ್ನ ಕೈಗೆ ಕೊಟ್ಟಳು.

ಜೇಡಿ ತುಂಬಿದ ಗೀರು ಒದ್ದೆಯಾದರೆ ಸುತ್ತಲಿನ ಮಣ್ಣಿಗಿಂತ ಮೊದಲು ನೀರು ಕುಡಿದು ಕಪ್ಪಾಗುತ್ತದೆ. ಇದು ಗೆರೆಗಾರರಿಗೆ ಮಾತ್ರ ಗೊತ್ತಿರುವ ಸಂಗತಿ. ಅಕ್ಕಾರನ್ನು ಗೋಡೆಯ ಮುಂದೆ ನಿಲ್ಲಿಸಿ, ದಾನವ್ವನ ಹದಿನಾರರ ಗೆರೆಯ ಮೇಲೆ ಬಟ್ಟೆ ಒತ್ತಿದೆ. ಕೆಂಪು ಗೆರೆಯ ಪಕ್ಕದಲ್ಲಿ ಬಾಗಿದ ಕಪ್ಪು ಗೆರೆ ನಿಧಾನವಾಗಿ ಎದ್ದಿತು. ಆಮೇಲೆ ಮುಕ್ತಾಳ ಮೂರರ ಗೆರೆ. ದಾನವ್ವ ಮಗಳನ್ನು ಎತ್ತಿ ತಂದು ಮುಂದೆ ನಿಲ್ಲಿಸಿ, ತಾನೇ ಲಂಗ ಮೇಲೆತ್ತಿದಳು. ಅಕ್ಕಾರು ನೆಲಕ್ಕೆ ಮಂಡಿಯೂರಿ ಆ ಪುಟ್ಟ ಕಾಲುಗಳನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡರು.

"ಎಂಟು ತಿಂಗಳು ಅಜ್ಜ," ಎಂದರು ಕೊನೆಗೆ. "ನನ್ನ ಜೊತೆ ಎಂಟು ತಿಂಗಳು ನಡೆದಿರಿ."

ಅವರ ಸಿಟ್ಟು ನನಗೆ ಸಲ್ಲತಕ್ಕದ್ದೇ ಆಗಿತ್ತು. ಆ ಕಾಲುಗಳನ್ನು ಬಿಡದೆಯೇ ಕೇಳಿದರು: "ಬೇರೆ ಮನೆ ಗೋಡೆಗಳು?"

"ಅದನ್ನ ನನ್ನ ಬಾಯಿಂದ ಕೇಳಬ್ಯಾಡ್ರಿ ಅಕ್ಕಾರ. ಆಣೆ ಐತಿ."

ಅವರು ಎದ್ದು ನಿಂತರು. ಈಗ ಅವರಿಗೆ ಎಲ್ಲ ಗೋಡೆಯ ಬೀಗದಕೈ ಸಿಕ್ಕಿತ್ತು. ಒಂದು ಒದ್ದೆ ಬಟ್ಟೆ ಸಾಕಿತ್ತು. "ಕೇಳುವುದಿಲ್ಲ," ಎಂದರು. "ಮನೆಯ ಹೆಂಗಸು ತಾನಾಗಿ ಕರೆಯದೆ ನಾನು ಒಂದು ಗೋಡೆಯನ್ನೂ ಒದ್ದೆ ಮಾಡುವುದಿಲ್ಲ. ಪಟ್ಟಿಯನ್ನು ಹದಿನೈದು ದಿನ ತಡೆದು ಹಿಡಿಯುತ್ತೇನೆ. ಅದಕ್ಕಿಂತ ಹೆಚ್ಚು ನನ್ನ ಮೇಲಿನವರು ಬಿಡುವುದಿಲ್ಲ. ಒಂದೇ ಹುಡುಗಿಯನ್ನು ತೋರಿಸಿದರೆ, ಇದು ಬೇರೆ ಏನೋ ಅಂತ ಬದಿಗಿಡ್ತಾರೆ. ಇನ್ನೂ ಕೆಲವರಾದರೂ ಬೇಕು ಅಜ್ಜ. ಇಲ್ಲದಿದ್ದರೆ ಮುಕ್ತಾಳಿಗೂ ಮದ್ದು ಬರುವುದಿಲ್ಲ."

ಒದ್ದೆ ಬಟ್ಟೆಯ ಸುದ್ದಿ ಸಂಜೆಯೊಳಗೆ ಊರು ಸುತ್ತಿತು. ಎದುರು ಮನೆಯ ಪಾರವ್ವ ಬೀದಿಯಲ್ಲಿ ನಿಂತು, "ಮುರಿಗ್ಯಾ, ನಿನ್ನ ಕೈ ಸೇದಿ ಹೋಗ್ಲಿ! ನನ್ನ ಶಿವಲೀಲಾನ ಗ್ವಾಡಿ ನೋಡಾಕ ಈ ಸ್ವಾಮಾರ ಬಿಟ್ಟು ಮುಂದಿನ ಸ್ವಾಮಾರ ಬರೋರದಾರ. ಅಕಿ ಲಗ್ನ ಮುರೀತಂದ್ರ ನಿನ್ನ ಬಾಗಲ ಮುಂದ ಕುಂದರ್ತೀನಿ!" ಎಂದು ಕೂಗಿದಳು. ನಾನು ಕೇಳಿಸಿಕೊಂಡೆ. ಪಾರವ್ವನ ಮಗ ಗದಿಗೆಪ್ಪನ ಕಾಲು ಬಾಗಿದ್ದು. ಅವನ ಮೂವರು ಹೆಣ್ಣುಮಕ್ಕಳ ಗೆರೆಗಳನ್ನೂ ನಾನೇ ಬರೆದಿದ್ದೆ, ಶಿವಲೀಲಾ ಅವರಲ್ಲಿ ಹಿರಿಯವಳು. ಅವಳ ಕೂಗಿಗೆ ಕಾರಣವಿತ್ತು.

ಎಲ್ಲರೂ ನನ್ನನ್ನು ಕರೆಯುವುದನ್ನು ಬಿಟ್ಟರು. ಕೆಳಗೇರಿಯಲ್ಲಿ ಒಬ್ಬ ಹುಡುಗಿಗೆ ಏಳು ತುಂಬಿದಾಗ ಅವಳ ಸೋದರಮಾವನೇ ದಬ್ಬಣ ಹಿಡಿದನಂತೆ. ಬಲಗೈಗೆ ಆರು ಬೆರಳು ಬಂದವು ಎಂದು ಕೇಳಿದೆ. ನಗು ಬಂತು, ಆದರೆ ಒಬ್ಬನೇ ನಗುವುದು ಕಷ್ಟ. ನೀಲವ್ವ ಇದ್ದಿದ್ದರೆ ಆ ಆರನೆಯ ಬೆರಳನ್ನು ಹಿಡಿದು ಒಂದು ವಾರ ನಗುತ್ತಿದ್ದಳು. ಅಕ್ಕಾರು ದಿನವೂ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದರು. ಯಾವ ಬಾಗಿಲೂ ತೆರೆಯಲಿಲ್ಲ. ಹದಿನೈದರಲ್ಲಿ ಹನ್ನೆರಡು ದಿನ ಕಳೆದವು.

ಸೋಮವಾರ ಪಾರವ್ವನ ಮನೆಯಿಂದ ಕರೆ ಬಂತು. ಹೋದೆ. ಗಂಡಿನ ತಾಯಿ ಬಾಳವ್ವ, ನಮ್ಮದೇ ಊರಿನ ಮೇಲೋಣಿಯವಳು, ಗೋಡೆಯ ಮುಂದೆ ನಿಂತಿದ್ದಳು. ಬೆರಳು ಇನ್ನೂ ಎತ್ತಿರಲಿಲ್ಲ. "ಊರಾಗ ಏನೇನೋ ಮಾತು ಕೇಳೇನಿ," ಎಂದಳು. "ಬರದಾಂವ ನೀ. ಈ ಗೆರಿ ಖರೇ ಅಂತ ಶಿವನ ಮ್ಯಾಲೆ ಆಣಿ ಮಾಡಿ ಹೇಳು. ಸಾಕು ನನಗ."

ಪಾರವ್ವ ನನ್ನನ್ನೇ ನೋಡುತ್ತಿದ್ದಳು. ಖರೆ ಎಂದರೆ ಸುಳ್ಳು ಆಣೆ. ಸುಳ್ಳು ಎಂದರೆ ಹಳೆಯ ಆಣೆ ಮುರಿದಂತೆ, ಒಂದು ಹುಡುಗಿಯ ಮದುವೆಯೂ ಮುರಿದಂತೆ. ಆಗ ಪಾರವ್ವನ ಕಿರಿಯ ಮೊಮ್ಮಗಳು, ಆರು ವರ್ಷದವಳು, ಅವಲಕ್ಕಿಯ ತಾಟು ಹಿಡಿದು ಒಳಗಿನಿಂದ ಬಂದಳು. ಲಂಗ ಕಾಲಿಗೆ ತೊಡರದಂತೆ ಸೊಂಟ ತೊನೆಯುತ್ತ, ತಾಟು ಚೆಲ್ಲದಂತೆ ತುಟಿ ಕಚ್ಚಿಕೊಂಡು, ನಡುಮನೆ ದಾಟುವಷ್ಟರಲ್ಲಿ ಎರಡು ಸಲ ನಿಂತಳು. ನಾವೆಲ್ಲ ನೋಡಿದೆವು. ಪಾರವ್ವನೂ ಅಂದು ಮೊದಲ ಸಲ ನೋಡಿದವಳಂತೆ ನೋಡಿದಳು.

"ಅಂವನ್ನೇನ ಕೇಳ್ತೀ?" ಎಂದಳು. ಬಚ್ಚಲಿಗೆ ಹೋಗಿ ತೊಯ್ದ ಪಂಚೆಯೊಂದನ್ನು ಎಳೆದು ತಂದು, ಇಡೀ ಗೋಡೆಗೆ ಮೇಲಿನಿಂದ ಕೆಳಗೆ ಒತ್ತುತ್ತ ಹೋದಳು. ಮೂವರು ಮೊಮ್ಮಕ್ಕಳ ಕಪ್ಪು ಗೆರೆಗಳು ಒಂದರ ಪಕ್ಕದಲ್ಲಿ ಒಂದು ಮೂಡಿದವು. "ಇದು ನನ್ನ ಶಿವಲೀಲಾ. ಇದ್ದಂಗ ನೋಡು. ಅಡಿಗಿ ಮಾಡ್ತಾಳ, ಲೆಕ್ಕ ಮಾಡ್ತಾಳ, ನನ್ನಂಥಾಕಿ ಬಾಯೀನೂ ಮುಚ್ಚಸ್ತಾಳ. ಕಾಲು ಹಿಂಗ ಐತಿ. ಬೇಕಂದ್ರ ಕುಂದರ್ರಿ, ಬ್ಯಾಡಂದ್ರ ದನ ಬಿಡೂ ಹೊತ್ತಾಗೇತಿ."

ಬಾಳವ್ವ ಮೂವರ ಗೆರೆಗಳನ್ನೂ ಒಂದೊಂದಾಗಿ ನೋಡಿದಳು. ಆಮೇಲೆ ಬೆರಳೆತ್ತಿ, ಕೆಂಪು ಗೆರೆಯನ್ನು ಬಿಟ್ಟು, ಕಪ್ಪು ಗೆರೆಯ ಮೇಲೆ ತೊಡೆಯಿಂದ ಪಾದದವರೆಗೆ ಎಳೆದಳು. ಅದು ಬಾಗಿದ ಕಡೆ ಬೆರಳೂ ಬಾಗಿತು. "ಚಾಪಿ ಹಾಸವ್ವಾ ಪಾರವ್ವ," ಎಂದಳು. "ನನ್ನ ಮೊಣಕಾಲು ಇಷ್ಟೊತ್ತು ನಿಲ್ಲಂಗಿಲ್ಲ." ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ನನ್ನ ತವರಮನಿ ಗ್ವಾಡಿ ನಿಮ್ಮಪ್ಪ ಬರದಾನ. ಬಾಳ ಚಂದ ಬರದಾನ, ಪುಣ್ಯಾತ್ಮ."

ಅಂದು ಸಂಜೆ ಪಾರವ್ವ ಕಟ್ಟೆಗೆ ಬಂದು ಅಕ್ಕಾರ ಕೈ ಹಿಡಿದು ಎಬ್ಬಿಸಿಕೊಂಡು ಹೋದಳು. ಮರುದಿನ ಬಾಳವ್ವ ತನ್ನ ತವರಿನ ಬಾಗಿಲು ತೆಗೆಸಿದಳು. ಆಮೇಲೆ ಊರಿನ ಹೆಂಗಸರು ತಾವು ತಾವೇ ಬಟ್ಟೆ ತೊಯ್ಸಿಕೊಂಡು ಗೋಡೆಯ ಮುಂದೆ ನಿಂತು ಕರೆದರು. ಕೆಲವರು ಕರೆಯಲಿಲ್ಲ, ಆ ಗೋಡೆಗಳು ಇಂದಿಗೂ ಒಣಗಿಯೇ ಇವೆ, ಅಕ್ಕಾರು ಅತ್ತ ನೋಡಲಿಲ್ಲ. ಬಾಗಿದ ತಂದೆಯ ಹೆಣ್ಣುಮಕ್ಕಳೆಲ್ಲ ಬಾಗಿದವರು, ಗಂಡುಮಕ್ಕಳು ಒಬ್ಬರೂ ಅಲ್ಲ. ಬಾಗಿದ ತಾಯಿಗೆ ಗಂಡೋ ಹೆಣ್ಣೋ ಯಾರೂ ಆಗಬಹುದು. ಗೋಡೆಗಳು ಅದನ್ನೇ ಹೇಳಿದವು. ಅಕ್ಕಾರು ಹುಡುಗರ ರಕ್ತವನ್ನು ಮೂರನೆಯ ಸಲ ಕಳಿಸಿ, ಈ ಸಾರಿ ಬೇರೆ ಕಡೆ ಹುಡುಕಿಸಿದರು. ಜೀನ್ ಸಿಕ್ಕಿತು. "ಇಷ್ಟು ದಿನ ಪಕ್ಕದ ಮನೆ ಬಾಗಿಲು ಬಡೀತಾ ಇದ್ದೆವು ಅಜ್ಜ," ಎಂದರು. ಪಟ್ಟಿಯಲ್ಲಿ ಹನ್ನೊಂದು ಗಂಡುಮಕ್ಕಳ ಕೆಳಗೆ ಹದಿನೇಳು ಹೆಣ್ಣುಮಕ್ಕಳ ಹೆಸರು ಬಿದ್ದವು. ಮುಕ್ತಾ ಮೊದಲನೆಯವಳು.

ವರದಿಯ ಮೊದಲ ಪುಟದಿಂದ ನನ್ನ ಹೆಸರನ್ನು ತೆಗೆದುಬಿಡಿ ಎಂದು ನಾನೇ ಕೇಳಿಕೊಂಡೆ. "ತೆಗೆಯುವುದಿಲ್ಲ," ಎಂದರು. "'ಇದ್ದದ್ದು ಇದ್ದ ಹಾಗೆ' ಅನ್ನುವ ಮಾತು ಹೋಯಿತು. ಅಲ್ಲಿ, 'ಕೊನೆಗೆ ತೋರಿಸಿಕೊಟ್ಟ' ಅಂತ ಬರೆದೆ. ಅದರ ಕೆಳಗೆ ನೀಲವ್ವನವರ ಹೆಸರು ಇದೆ." ಅವಳ ಹೆಸರು ಏಕೆ ಎಂದು ನಾನು ಕೇಳಲಿಲ್ಲ. ಬಿಸಿ ಉಪ್ಪಿನ ಗಂಟಿನ ಮಾತನ್ನು ಒಂದು ದಿನ ಅವರಿಗೆ ಹೇಳಿದ್ದೆ.

ಮದ್ದು ಉಪ್ಪುಪ್ಪಾದ ಒಂದು ಪುಡಿ. ನೀರಿಗೆ ಬೆರೆಸಿ ದಿನಕ್ಕೆ ಐದು ಸಲ ಕುಡಿಸಬೇಕು, ಜೊತೆಗೆ ಎರಡು ಹನಿ ಇನ್ನೊಂದು. ಮುಕ್ತಾ ಮೊದಲ ವಾರ ಅದನ್ನು ನನ್ನ ಮೇಲೆ ಉಗುಳಿದಳು. "ಅಜ್ಜಾ, ನೀ ಕುಡಿ!" ಎಂದಳು. ಒಂದು ಗುಟುಕು ಕುಡಿದು ತೋರಿಸಿದೆ. ದೇವರ ತೀರ್ಥವೂ ನನಗೆ ಅಷ್ಟು ಪವಿತ್ರವಾಗಿ ಕಂಡದ್ದಿಲ್ಲ, ರುಚಿಯನ್ನು ಮಾತ್ರ ಕೇಳಬೇಡಿ.

ಈಗ ನನ್ನನ್ನು ಮತ್ತೆ ಮನೆಗಳಿಗೆ ಕರೆಯುತ್ತಾರೆ. ಕಂಡದ್ದನ್ನು ಬರೆಯುತ್ತೇನೆ. ಒಬ್ಬಿಬ್ಬರು ತಾಯಂದಿರು ಇನ್ನೂ ಸೆರಗು ಹಿಡಿದು ನಿಲ್ಲುತ್ತಾರೆ. ಅವರಿಗೆ ನಾನು ಅಕ್ಕಾರ ಬಿಡಾರದ ದಾರಿ ತೋರಿಸುತ್ತೇನೆ.

ಹೋದ ಮಾಘದಲ್ಲಿ ಮುಕ್ತಾಳಿಗೆ ನಾಲ್ಕು ತುಂಬಿತು. ನಾಲ್ಕಕ್ಕೆ ಗೆರೆ ಇಲ್ಲ. ನನ್ನ ಕೈ ಬರಿದಾಗಿತ್ತು. ನೆರಳು ನೋಡುವ ಹೊತ್ತಿಗೆ ಹೊರಗಿನವರನ್ನು ಒಳಗೆ ಕೂರಿಸುವ ಪದ್ಧತಿ ನಮ್ಮಲ್ಲಿಲ್ಲ. ದಾನವ್ವ ತಾನೇ ಹೋಗಿ, "ಬರ್ರಿ ಅಕ್ಕಾರ, ನೀವೂ ಮನಿಯವರ" ಎಂದು ಕರೆತಂದಳು. ಪಡುವಣ ಬಾಗಿಲು ತೆರೆದೆವು. ಬಿಸಿಲು ಒಳಗೆ ನಡೆದು ಬಂದು ಗೋಡೆ ಹತ್ತಿತು. ಕೂಸಿನ ನೆರಳು ಮೊದಲು ಕಪ್ಪಗಿದ್ದು, ಮೆಲ್ಲಗೆ ತಿಳಿಯಾಗಿ, ಒಳಗಿನಿಂದ ಎಲುಬುಗಳು ಕಂಡವು. ಅಕ್ಕಾರು ಬಾಯಿಗೆ ಕೈ ಅಡ್ಡ ಹಿಡಿದರು. ಎಲುಬಿನ ಚಿತ್ರಗಳನ್ನು ಸಾವಿರಗಟ್ಟಲೆ ನೋಡಿದವರು ಅವರು. "ಎಷ್ಟು ಚಂದ ಉಂಟಲ್ಲ ಅಜ್ಜ," ಎಂದರು, ಅಷ್ಟೇ.

ಕಾಲು ಪೂರ್ತಿ ನೆಟ್ಟಗಾಗಿರಲಿಲ್ಲ. ಹೋದ ವರ್ಷ ನಾನು ದಬ್ಬಣದಿಂದ ಗೀರಿದ್ದ ಬಾಗು ನನ್ನ ಕೈಗೆ ನೆನಪಿತ್ತು. ಅದಕ್ಕಿಂತ ಕಡಿಮೆಯಿದೆ ಎಂದಷ್ಟು ಕಂಡಿತು. ಅದನ್ನೂ ಸರಿಯಾಗಿ ನೋಡಲು ಅವಳು ಬಿಡಲಿಲ್ಲ. ತನ್ನ ಎಲುಬು ಗೋಡೆಯ ಮೇಲೆ ಕುಣಿಯುತ್ತದೆಂದು ಅವಳಿಗೆ ತಿಳಿದುಬಿಟ್ಟಿತ್ತು. ಒಂಟಿ ಕಾಲಿನಲ್ಲಿ ಕುಪ್ಪಳಿಸಿದಳು, ತಿರುಗಿದಳು, ಕೈ ಬೀಸಿದಳು, ಬಿದ್ದಳು, ಎದ್ದು ಮತ್ತೆ ಕುಪ್ಪಳಿಸಿದಳು.

"ನಿಲ್ಲ ಒಂದ ಗಳಿಗಿ," ಎಂದು ದಾನವ್ವ ಗದರಿದಳು. "ಅಜ್ಜಗ ಕಾಣವಲ್ದು."

"ನಾ ನಿಲ್ಲಂಗಿಲ್ಲ!"

ಶಿವನೇ, ಬೇಡ, ನಿಲ್ಲಿಸಬೇಡ, ಎಂದು ನಾನು ಕೈ ಮುಗಿದು ಕುಳಿತೆ. ಅದು ಬರೆಯುವ ವರ್ಷವೇ ಆಗಿದ್ದರೂ ಆ ಸಂಜೆ ಒಂದು ಗೆರೆಯೂ ನನ್ನ ಕೈಗೆ ಸಿಗುತ್ತಿರಲಿಲ್ಲ.